ಸೀಲು ಬದಲಿಸಿದರೆ ಸಾಲದು: ಅಪ್ಪನ ಬೈಕು ಓಡಿಸುವವರಿಗೆ ಒಂದು ಬಹಿರಂಗ ಪತ್ರ

ಅಪ್ಪನದೋ ಚಿಕ್ಕಪ್ಪನದೋ ಸೋದರಮಾವನದೋ ಹಳೆಯ ಬೈಕನ್ನು ಮೂಲೆಯಿಂದ ಹೊರಗೆಳೆದು, ತೊಳೆದು, ಮತ್ತೆ ರಸ್ತೆಗಿಳಿಸಿರುವ ತಮ್ಮಂದಿರೇ, ತಂಗಿಯರೇ,



ನಿಮ್ಮನ್ನು ರಸ್ತೆಯಲ್ಲಿ ಕಂಡಾಗಲೆಲ್ಲ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಹಾಗಾಗಿ ನೀವು ಓಡಿಸುವ ಯೆಜ್ದಿ ರೋಡ್‌ಕಿಂಗ್ ಆಗಲಿ ಆರ್‌ಎಕ್ಸ್ ಆಗಲಿ, ತೀರಾ ಕೊನೆಯಲ್ಲಿ ಬಂದದ್ದಕ್ಕೂ ಮೂವತ್ತರ ಆಸುಪಾಸಿನ ವಯಸ್ಸು. ನಿಮ್ಮಲ್ಲಿ ಅನೇಕರಿಗಿಂತ ಅವೇ ಹಿರಿಯವು. ಗುಜರಿಗೆ ಹೋಗಬೇಕಾಗಿದ್ದ ಅವನ್ನು ಉಳಿಸಿಕೊಂಡಿದ್ದೀರಿ. ಅದಕ್ಕೆ ನಿಮಗೆ ಕೈಮುಗಿಯುತ್ತೇನೆ.

ಆದರೆ ಟೀ ಅಂಗಡಿ ಮುಂದೆ ಸಾಲಾಗಿ ನಿಂತ ನಿಮ್ಮ ಬೈಕುಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಟ್ಯಾಂಕಿನ ಮೇಲಲ್ಲ, ಮುಂದಿನ ಫೋರ್ಕಿನ ಮೇಲೆ. ಟ್ಯಾಂಕಿಗೆ ಹೊಸ ಬಣ್ಣ, ಸೈಲೆನ್ಸರಿಗೆ ಹೊಸ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್, ಎಲ್ಲ ಇರುತ್ತದೆ. ಕೆಳಗೆ, ಫೋರ್ಕ್ ಪೈಪು ‘ಬಾಟಮ್’ ಎನ್ನುವ ಕೆಳಗಿನ ಕೊಳವೆಯೊಳಗೆ ಇಳಿಯುವ ಜಾಗದಲ್ಲಿ, ಎಣ್ಣೆಗೆ ದೂಳು ಮೆತ್ತಿಕೊಂಡು ಕಪ್ಪು ಉಂಗುರ ಕಟ್ಟಿರುತ್ತದೆ. ಕೆಲವು ಬೈಕುಗಳಲ್ಲಿ ಎಣ್ಣೆ ಅಲ್ಲಿಗೇ ನಿಲ್ಲದೆ ಬಾಟಮ್ಮಿನ ಗುಂಟ ಗೆರೆ ಎಳೆದುಕೊಂಡು ಆಕ್ಸೆಲ್ ತನಕ ಇಳಿದಿರುತ್ತದೆ. ಕೇಳಿದರೆ, “ಸ್ವಲ್ಪ ಲೀಕ್ ಇದೆ ಅಣ್ಣಾ, ಆವಾಗಾವಾಗ ಒರೆಸ್ತೀನಿ” ಅನ್ನುತ್ತೀರಿ. ಇನ್ನು ಕೆಲವರು, “ಹೋದ ವರ್ಷ ತಾನೆ ಸೀಲ್ ಹಾಕಿಸಿದ್ದೆ, ಮತ್ತೆ ಶುರುವಾಗಿದೆ” ಎಂದು ಬೇಸರ ಮಾಡಿಕೊಳ್ಳುತ್ತೀರಿ. ಈ ಎರಡು ಮಾತಿಗೂ ಸರಿಯಾದ ಉತ್ತರ ಕೊಡಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು, ಒರೆಸಿ ಓಡಿಸುವವರಿಗೆ. ಮುಂದಿನ ಬ್ರೇಕು ಹಿಡಿದಾಗ ಬೈಕಿನ ಭಾರ, ನಿಮ್ಮ ಭಾರ, ಹಿಂದೆ ಕೂತವರ ಭಾರ ಎಲ್ಲ ಮುಂದಕ್ಕೆ ವಾಲುತ್ತದೆ, ಫೋರ್ಕು ಕುಗ್ಗುತ್ತದೆ. ಒಳಗಿನ ಸ್ಪ್ರಿಂಗು ಆ ಭಾರ ಹೊರುತ್ತದೆ ನಿಜ, ಆದರೆ ಒತ್ತಿದಷ್ಟೂ ವಾಪಸ್ ಪುಟಿಯುವುದಷ್ಟೇ ಸ್ಪ್ರಿಂಗಿಗೆ ಗೊತ್ತು. ಆ ಪುಟಿತವನ್ನು ಹಿಡಿದು ನಿಲ್ಲಿಸುವುದು ಎಣ್ಣೆ. ಫೋರ್ಕಿನೊಳಗೆ ನಿಂತಿರುವ ಡ್ಯಾಂಪರ್ ರಾಡಿನ ಸಣ್ಣ ತೂತುಗಳಲ್ಲಿ ನುಗ್ಗಿ ಆಚೆ ಹೋಗುವಾಗ ಅದು ಸ್ಪ್ರಿಂಗಿನ ಆವೇಗವನ್ನು ತಿಂದುಹಾಕುತ್ತದೆ. 1935ರಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ ಆರ್ 12, ಆರ್ 17 ಬೈಕುಗಳಿಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ಹಾಕಿತು. ನಿಮ್ಮ ಬೈಕಿನಲ್ಲಿ ಇರುವುದೂ ಮೂಲದಲ್ಲಿ ಅದೇ ಉಪಾಯ. ಇಷ್ಟೆಲ್ಲ ಕೆಲಸ ಮಾಡುವ ಎಣ್ಣೆ ಎಷ್ಟಿರುತ್ತದೆ ಗೊತ್ತೇ? 100 ಸಿಸಿಯಿಂದ 350 ಸಿಸಿವರೆಗಿನ ಹಳೆಯ ಬೈಕುಗಳಲ್ಲಿ ಒಂದೊಂದು ಕಾಲಿಗೆ ಹೆಚ್ಚುಕಡಿಮೆ 100ರಿಂದ 250 ಮಿ.ಲೀ. ಅದರಲ್ಲಿ 50 ಮಿ.ಲೀ. ಸೋರಿಹೋದರೂ ಫೋರ್ಕಿನ ನಡತೆ ಬೇರೆಯಾಗುತ್ತದೆ. ಸೋರಿಕೆ ನಿಧಾನವಾದ್ದರಿಂದ ನಿಮ್ಮ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬ್ರೇಕು ಹಿಡಿದಾಗ ಮೂತಿ ಜಾಸ್ತಿ ಕುಸಿಯುವುದು, ಹಂಪು ಇಳಿದ ಮೇಲೂ ಹ್ಯಾಂಡಲ್ ಎರಡು ಮೂರು ಸಲ ಕುಣಿಯುವುದು, ಗುಂಡಿಗೆ ಬಿದ್ದಾಗ ಟಕ್ಕೆಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಇವೆಲ್ಲ “ಹಳೆ ಬೈಕು, ಹಾಗೇ ಇರುತ್ತೆ” ಅನ್ನಿಸತೊಡಗುತ್ತದೆ. ಹಾಗೇನೂ ಇರಬೇಕಾಗಿಲ್ಲ. ಶೋರೂಮಿನಿಂದ ಬಂದ ದಿನ ಅದು ಹಾಗೆ ಇರಲಿಲ್ಲ.

ಚಕ್ರ ನೆಲ ಬಿಟ್ಟು ಪುಟಿಯುವಷ್ಟು ಹೊತ್ತು ಬ್ರೇಕಿನಿಂದ ಪ್ರಯೋಜನವಿಲ್ಲ. ಎಣ್ಣೆ ಖಾಲಿಯಾದ ಫೋರ್ಕಿಗೆ ಉಬ್ಬುತಗ್ಗಿನ ರಸ್ತೆಯಲ್ಲಿ ಆಗುವುದು ಇದೇ: ಟೈರು ಕುಪ್ಪಳಿಸುತ್ತದೆ, ಬೈಕು ನಿಲ್ಲುವ ದೂರ ಹೆಚ್ಚುತ್ತದೆ. ಇದರ ಮೇಲೆ ಇನ್ನೊಂದು ಅಪಾಯ. ಆಕ್ಸೆಲ್ ತನಕ ಇಳಿದ ಎಣ್ಣೆ ಬ್ರೇಕ್ ಪ್ಲೇಟಿನ ಅಂಚಿನಲ್ಲಿ ಡ್ರಮ್ಮಿನೊಳಗೆ ನುಸುಳಬಹುದು. ಮುಂದೆ ಡಿಸ್ಕ್ ಹಾಕಿಸಿಕೊಂಡವರಿಗಂತೂ ಅದು ನೇರವಾಗಿ ಪ್ಯಾಡಿಗೇ ತಗಲುತ್ತದೆ. ಎಣ್ಣೆ ಕುಡಿದ ಬ್ರೇಕ್ ಶೂವನ್ನು ಎಮರಿ ಉಜ್ಜಿಯೋ ಬೆಂಕಿಗೆ ಹಿಡಿದೋ ಮತ್ತೆ ಹಾಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಎಣ್ಣೆ ಒಳಗಿನ ತನಕ ಇಳಿದಿರುತ್ತದೆ, ಬ್ರೇಕು ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಘಾಟಿ ಇಳಿಯುವಾಗ ಅದು ನಿಮಗೆ ಗೊತ್ತಾಗುವುದು ಬೇಡ. ಹೊಸ ಶೂ ಹಾಕಿ.

ಇನ್ನು ಎರಡನೆಯವರಿಗೆ, ಸೀಲು ಹಾಕಿಸಿದರೂ ಮತ್ತೆ ಸೋರುತ್ತದೆ ಎನ್ನುವವರಿಗೆ. ನನ್ನ ಇಡೀ ಪತ್ರ ಇಲ್ಲೇ ಇದೆ. ಸೀಲು ಎಲ್ಲರ ಕಣ್ಣಿಗೂ ಕಳ್ಳನಂತೆ ಕಾಣುತ್ತದೆ, ಏಕೆಂದರೆ ಎಣ್ಣೆ ಬರುವುದು ಅದರ ಬಾಯಿಂದ. ಆದರೆ ಬಹಳ ಸಲ ಏಟು ತಿಂದದ್ದು ಸೀಲು, ಏಟು ಹಾಕಿದ್ದು ಬೇರೆಯವರು. ಏಟು ಹಾಕಿದವರನ್ನು ಹುಡುಕದೆ ಸೀಲು ಮಾತ್ರ ಬದಲಿಸಿದರೆ ಹೊಸ ಸೀಲಿಗೂ ಅದೇ ಗತಿ.

ಹೊಸ ಸೀಲೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಗಟ್ಟಿ ಸುತ್ತು, ಅದರೊಳಗೆ ಉಕ್ಕಿನ ಬಳೆ. ಒಳಗಡೆ ರಬ್ಬರಿನ ತುಟಿ. ಆ ತುಟಿಯ ಹಿಂದೆ, ತೀರಾ ತೆಳು ತಂತಿಯನ್ನು ಸುತ್ತಿ ಮಾಡಿದ ಪುಟ್ಟ ಸ್ಪ್ರಿಂಗು, ಉಂಗುರದ ಹಾಗೆ ಕೂತಿರುತ್ತದೆ. ಉಗುರಿನಿಂದ ಎತ್ತಿದರೆ ಆಚೆ ಬರುತ್ತದೆ. ತುಟಿಯನ್ನು ಪೈಪಿಗೆ ಒತ್ತಿ ಹಿಡಿದಿರುವುದು ಅದೇ. ದೋಸೆ ಹಿಟ್ಟಿನ ಪಾತ್ರೆಯನ್ನು ಅಮ್ಮ ಬೆರಳಿಂದ ಬಳಿದು ತೆಗೆಯುತ್ತಾರಲ್ಲ, ಆ ತುಟಿ ಪೈಪಿನ ಮೈಮೇಲಿನ ಎಣ್ಣೆಯನ್ನು ಹಾಗೆ ಬಳಿದು ಒಳಗೇ ಉಳಿಸುತ್ತದೆ. ಫೋರ್ಕು ಕುಗ್ಗಿ ಹಿಗ್ಗಿದಾಗೆಲ್ಲ, ಅಂದರೆ ಒಂದು ಕಿಲೋಮೀಟರಿನಲ್ಲೇ ಲೆಕ್ಕವಿಲ್ಲದಷ್ಟು ಸಲ, ಅದಕ್ಕೆ ಇದೇ ಕೆಲಸ. ಇಂಥ ತೆಳು ತುಟಿ ಉಜ್ಜಿಕೊಂಡು ಓಡಾಡುವ ಪೈಪಿನ ಮೈ ಹೇಗಿರಬೇಕು, ನೀವೇ ಹೇಳಿ.

ಈಗ ಪೈಪನ್ನು ನೋಡಿ. ನುಣುಪಿಗಾಗಿ, ಗಟ್ಟಿತನಕ್ಕಾಗಿ ಅದರ ಮೇಲೆ ಹಾರ್ಡ್ ಕ್ರೋಮ್ ಪದರ ಇರುತ್ತದೆ. ನಿಮ್ಮ ಅಪ್ಪನ ಬೈಕು ವರ್ಷಗಟ್ಟಲೆ ಜಗುಲಿಯ ಪಕ್ಕದಲ್ಲೋ ಕೊಟ್ಟಿಗೆಯಲ್ಲೋ ದೊಡ್ಡ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹಾಗೆ ನಿಂತಾಗ ಮುಂದಿನ ಚಕ್ರಕ್ಕೆ ಭಾರ ಕಡಿಮೆ, ಫೋರ್ಕು ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡಿರುತ್ತದೆ. ಓಡುವಾಗ ಸೀಲಿನೊಳಗೆ ಹೋಗಿಬರುವ ಭಾಗ ಯಾವುದೋ, ಸರಿಯಾಗಿ ಅದೇ ಭಾಗ ಗಾಳಿಗೆ, ಮಳೆಯ ಎರಚಲಿಗೆ ಒಡ್ಡಿಕೊಂಡು ನಿಂತಿರುತ್ತದೆ. ತುಕ್ಕು ಹಿಡಿಯುವುದು ಅಲ್ಲೇ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಪ್ಪುಗಾಳಿಗೆ ಕ್ರೋಮು ಎಷ್ಟು ಬೇಗ ಚುಕ್ಕೆ ಬೀಳುತ್ತದೆ ಎಂದು ದಿನಾ ನೋಡುತ್ತೀರಿ. ಬಯಲುಸೀಮೆಯವರ ಕಷ್ಟ ಬೇರೆ: ಅಲ್ಲಿ ತುಕ್ಕಿಗಿಂತ ದೂಳು. ಪೈಪಿನ ಮೇಲೆ ಒಣಗಿ ಕೂತ ಕೆಸರು ಸೀಲಿನ ಮೇಲೆ ಕೂರುವ ಡಸ್ಟ್ ಸೀಲನ್ನು ದಾಟಿ ತುಟಿಯ ಕೆಳಗೆ ಸೇರಿಕೊಂಡರೆ ಮರಳು ಕಾಗದದ ಕೆಲಸವನ್ನೇ ಮಾಡುತ್ತದೆ.

ಪೈಪನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಉಗುರನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಸುತ್ತಲೂ, ಒಂದು ಬೆರಳಗಲವನ್ನೂ ಬಿಡದೆ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲೊಂದು ಗುಳಿ ಇದೆ. ಕಣ್ಣಿಗೆ ಸಾಸಿವೆ ಕಾಳಿನಷ್ಟೂ ಕಾಣದಿರಬಹುದು, ಆದರೆ ಅದರ ಅಂಚು ತುಟಿಯನ್ನು ಪ್ರತಿ ಸಲವೂ ಕೊಯ್ಯುತ್ತದೆ. ಹಳೆಯ ನೈಲಾನ್ ಕಾಲುಚೀಲ ಉಜ್ಜಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಎಳೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಹಿಡಿತದ ಹತ್ತಿರ ಇರುವ ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಸೀಲು ಅಷ್ಟು ಮೇಲಕ್ಕೆ ಬರುವುದಿಲ್ಲ. ಸೀಲು ಓಡಾಡುವ ಜಾಗದಲ್ಲಿ ಇದ್ದರೆ ಮಾತ್ರ ಚಿಂತೆ.

ಬರೀ ಗೀರಾಗಿದ್ದರೆ, ಅಂಚು ಸ್ವಲ್ಪ ಎದ್ದಿದ್ದರೆ, 1000 ನಂಬರಿನ ಅಥವಾ ಇನ್ನೂ ನಯವಾದ ಎಮರಿ ಪೇಪರಿಗೆ ಎಣ್ಣೆ ಹಾಕಿಕೊಂಡು ಪೈಪಿನ ಸುತ್ತ ಅಡ್ಡಡ್ಡ ಉಜ್ಜಿ. ಉದ್ದುದ್ದ ಉಜ್ಜಿದರೆ ಎಣ್ಣೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಸಣ್ಣದೊಂದು ಗುಳಿ ಇದ್ದರೆ ತುಕ್ಕು ಕೆರೆದು ತೆಗೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮಟ್ಟಸ ಮಾಡಿ ಸ್ವಲ್ಪ ಕಾಲ ಓಡಿಸಬಹುದು. ಗುಳಿಗಳ ಗುಂಪೇ ಇದ್ದರೆ ಆ ಪೈಪು ಸೀಲಿಗೆ ಯೋಗ್ಯವಲ್ಲ, ಬದಲಿಸಬೇಕು. ಇಲ್ಲವೇ ಮತ್ತೆ ಹಾರ್ಡ್ ಕ್ರೋಮ್ ಮಾಡಿಸಿ ಅಳತೆಗೆ ಗ್ರೈಂಡ್ ಮಾಡಿಸಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇದನ್ನು ಮಾಡುವ ಘಟಕಗಳಿವೆ. ಸೈಲೆನ್ಸರಿಗೆ ಮಾಡುವ ಹೊಳಪಿನ ಕ್ರೋಮನ್ನೇ ಪೈಪಿಗೂ ಮಾಡಿಸಿಕೊಂಡು ಬರುವವರಿದ್ದಾರೆ. ಅದು ನೋಡಲು ಚಂದ, ಈ ಕೆಲಸಕ್ಕೆ ಬರುವುದಿಲ್ಲ.

ಪೈಪು ಬಾಗಿದ್ದರೂ ಸೀಲು ಉಳಿಯುವುದಿಲ್ಲ, ಒಂದೇ ಕಡೆಗೆ ಒತ್ತಿಕೊಂಡು ಸವೆಯುತ್ತದೆ. ನಮ್ಮ ರಸ್ತೆಗಳ ಅವೈಜ್ಞಾನಿಕ ಹಂಪುಗಳು, ಮಳೆಗಾಲದಲ್ಲಿ ನೀರು ತುಂಬಿ ಕಾಣದ ಗುಂಡಿಗಳು, ಅಪ್ಪನ ಕಾಲದಲ್ಲಿ ಎಂದೋ ಗೋಡೆಗೆ ಗುದ್ದಿದ್ದು, ಯಾವುದಾದರೂ ಕಾರಣ ಇರಬಹುದು. ಬಿಚ್ಚಿದ ಪೈಪನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಉರುಳಿಸಿ, ಕೆಳಗೆ ಬೆಳಕು ಇಣುಕುತ್ತದೆಯೇ ನೋಡಿ. ಅನುಮಾನ ಬಂದರೆ ಲೇಥ್ ಅಂಗಡಿಗೆ ಒಯ್ದು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜು ಹಿಡಿಸಿ. ಬಹಳಷ್ಟು ಮ್ಯಾನುಯಲ್‌ಗಳು 0.2 ಮಿ.ಮೀ.ಗಿಂತ ಜಾಸ್ತಿ ಬಾಗನ್ನು ಒಪ್ಪುವುದಿಲ್ಲ. ಹಾಗೆಯೇ ಬಾಟಮ್ಮನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ಆಟ ಎಷ್ಟಿದೆ ನೋಡಿ. ಕೆಲವು ಫೋರ್ಕುಗಳಲ್ಲಿ ಬದಲಿಸುವಂಥ ಬುಷ್ ಇರುತ್ತದೆ, ಕೆಲವು ಸಣ್ಣ ಬೈಕುಗಳಲ್ಲಿ ಪೈಪು ನೇರವಾಗಿ ಅಲ್ಯೂಮಿನಿಯಂ ಮೇಲೇ ಜಾರುತ್ತದೆ. ಅಲ್ಲಿ ಸವೆದುಹೋಗಿದ್ದರೆ ಪೈಪು ಒಳಗೇ ವಾಲಾಡುತ್ತದೆ, ಆ ವಾಲಾಟದ ಹಿಂದೆ ಹೋಗಲು ಯಾವ ಸೀಲಿಗೂ ಆಗುವುದಿಲ್ಲ.

ಇಷ್ಟೆಲ್ಲ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಡಸ್ಟ್ ಸೀಲನ್ನು ಮೆಲ್ಲಗೆ ಮೇಲಕ್ಕೆ ಸರಿಸಿ ಅದರ ಕೆಳಗಿನ ಕೊಳೆ ಒರೆಸಿ. ಮನೆಯ ಹಳೆ ಆಲ್ಬಮ್ಮಿನಲ್ಲಿ ಫೋಟೋ ನೆಗೆಟಿವ್ ಇದ್ದರೆ, ಬೇಡವಾದ ಒಂದು ತುಂಡನ್ನು ಕೊಕ್ಕೆಯ ಹಾಗೆ ಕತ್ತರಿಸಿ, ಪೈಪಿಗೂ ಸೀಲಿನ ತುಟಿಗೂ ನಡುವೆ ತೂರಿಸಿ ಸುತ್ತಲೂ ಎಳೆದುಕೊಂಡು ಬನ್ನಿ. ಸಿಕ್ಕಿಕೊಂಡಿದ್ದ ಮರಳಿನ ಕಣ ಹೊರಗೆ ಬರಬಹುದು. ಸೋರಿಕೆ ಹೊಸದಾಗಿ ಶುರುವಾಗಿದ್ದರೆ ಕೆಲವೊಮ್ಮೆ ಇಷ್ಟಕ್ಕೇ ನಿಲ್ಲುತ್ತದೆ. ಹತ್ತು ವರ್ಷ ನಿಂತಿದ್ದ ಬೈಕಿಗೆ ಇದು ಸಾಲದು, ಅದರಲ್ಲಿ ರಬ್ಬರೇ ಒಣಗಿ ಗಟ್ಟಿಯಾಗಿರುತ್ತದೆ.

ಸೀಲು ಕೊಳ್ಳುವ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ‘ಹಳೇ ಸ್ಟಾಕು, ಕಂಪನಿ ಪ್ಯಾಕು’ ಎಂದರೆ ಎರಡು ಪಟ್ಟು ದುಡ್ಡು ಕೊಟ್ಟು ತರುತ್ತೀರಿ. ಗೇರು, ಕ್ರ್ಯಾಂಕು, ಟ್ಯಾಂಕಿನ ಬ್ಯಾಡ್ಜಿಗೆ ಅದು ಸರಿ. ರಬ್ಬರಿಗೆ ಸರಿಯಲ್ಲ. ಮೂವತ್ತು ವರ್ಷ ಪ್ಯಾಕೆಟಿನಲ್ಲಿ ಕೂತ ಸೀಲಿಗೂ ನಿಮ್ಮ ಬೈಕಿನಷ್ಟೇ ವಯಸ್ಸಾಗಿದೆ. ತುಟಿಯನ್ನು ಬೆರಳಿಂದ ಬಗ್ಗಿಸಿದರೆ ಮೆತ್ತಗೆ ಬಗ್ಗಿ ತಕ್ಷಣ ವಾಪಸ್ ಬರಬೇಕು. ಗಟ್ಟಿ ಎನ್ನಿಸಿದರೆ, ಸಣ್ಣ ಬಿರುಕು ಕಂಡರೆ, ಯಾವ ಹೆಸರಿನ ಪ್ಯಾಕೇ ಇರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ಈಚೆಗೆ ತಯಾರಾದದ್ದನ್ನು ಕೇಳಿ. ಸೀಲಿನ ಮೈಮೇಲೆ ಅಳತೆ ಅಚ್ಚಾಗಿರುತ್ತದೆ. 33×46×11 ಎಂದಿದ್ದರೆ ಒಳಗಿನ ವ್ಯಾಸ 33, ಹೊರಗಿನದು 46, ಎತ್ತರ 11 ಮಿ.ಮೀ. ಬೈಕಿನ ಹೆಸರು ಹೇಳಿ ಸಿಗದಿದ್ದರೆ ಈ ಅಳತೆ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಬೇರಿಂಗ್ ಅಂಗಡಿಯಲ್ಲೋ ಹುಡುಕಬಹುದು. ಆದರೆ ಅಳತೆ ಹೊಂದಿತು ಎಂದ ಮಾತ್ರಕ್ಕೆ ಕೆಲಸಕ್ಕೆ ಹೊಂದುವುದಿಲ್ಲ. ಮೋಟಾರು, ಪಂಪುಗಳ ತಿರುಗುವ ಶಾಫ್ಟಿಗೆಂದು ಮಾಡಿದ ಸೀಲು ಬೇರೆ, ಮೇಲೆ ಕೆಳಗೆ ಜಾರುವ ಫೋರ್ಕ್ ಪೈಪಿಗೆಂದು ಮಾಡಿದ್ದು ಬೇರೆ. ಫೋರ್ಕಿನದೇ ಬೇಕು ಎಂದು ಒತ್ತಿ ಕೇಳಿ. ಒಂದು ಕಾಲು ಸೋರುತ್ತಿದ್ದರೂ ಎರಡಕ್ಕೂ ಕೊಳ್ಳಿ, ಡಸ್ಟ್ ಸೀಲನ್ನೂ ಬಾಟಮ್ ಬೋಲ್ಟಿನ ತಾಮ್ರದ ವಾಷರನ್ನೂ ಸೇರಿಸಿಕೊಳ್ಳಿ. ಟ್ಯಾಂಕಿನ ಬಣ್ಣಕ್ಕೆ ಕೊಟ್ಟ ದುಡ್ಡಿನ ಎದುರು ಇದು ಏನೂ ಅಲ್ಲ.

ಕೆಲಸ ಹೇಗೆ ಎಂಬುದನ್ನು ಎಲ್ಲ ಬೈಕಿಗೂ ಒಂದೇ ಉಸಿರಿನಲ್ಲಿ ಹೇಳಲಾಗದು. ಯೆಜ್ದಿಯ, ಹಳೇ ಬುಲೆಟ್ಟಿನ ಫೋರ್ಕಿನ ಒಳಜೋಡಣೆ ಬೇರೆ, ಅದಕ್ಕೆ ಅದರದೇ ಮ್ಯಾನುಯಲ್ ನೋಡಿಕೊಳ್ಳಬೇಕು. 1980ರ ದಶಕದ ನಡುವೆ ಬಂದ ಜಪಾನ್ ವಿನ್ಯಾಸದ 100 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವನ್ನು ಹೇಳುತ್ತೇನೆ. ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರ ನೆಲ ಬಿಡುವಂತೆ ಮಾಡಿ. ಅಲ್ಲಾಡದ ಹಾಗೆ ಭದ್ರ ಮಾಡಿಕೊಳ್ಳದೆ ಒಂದು ನಟ್ಟನ್ನೂ ಮುಟ್ಟಬೇಡಿ. ಆಮೇಲೆ ಚಕ್ರ ಕಳಚಿ.

ಈ ಕೆಲಸದಲ್ಲಿ ಎಲ್ಲರನ್ನೂ ಸತಾಯಿಸುವುದು ಬಾಟಮ್ಮಿನ ತಳದಲ್ಲಿ, ಆಕ್ಸೆಲ್ ಕೆಳಗೆ ಹುದುಗಿರುವ ಅಲೆನ್ ಬೋಲ್ಟು. ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುವುದು ಅದು. ನೀವು ಬೋಲ್ಟು ತಿರುಗಿಸಿದರೆ ಒಳಗೆ ರಾಡೂ ಜೊತೆಗೇ ತಿರುಗುತ್ತದೆ, ಎಷ್ಟು ತಿರುಗಿಸಿದರೂ ಬಿಚ್ಚುವುದಿಲ್ಲ. ಆದ್ದರಿಂದ ಮೇಲಿನ ಕ್ಯಾಪು ತೆಗೆಯುವ ಮೊದಲೇ, ಸ್ಪ್ರಿಂಗು ರಾಡನ್ನು ಒತ್ತಿ ಹಿಡಿದಿರುವಾಗಲೇ, ಈ ಬೋಲ್ಟನ್ನು ಸಡಿಲ ಮಾಡಿಕೊಳ್ಳಿ. ಮೊದಲು ಅದರ ತಲೆಯ ಕುಳಿಯಲ್ಲಿ ತುಂಬಿದ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ಕೀ ಪೂರ್ತಿ ಕೂರದೆ ಕುಳಿಯ ಮೂಲೆಗಳು ಸವೆದುಹೋಗುತ್ತವೆ. ಗೆಳೆಯರೊಬ್ಬರು ಫೋರ್ಕನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಇನ್ನೂ ಸುಲಭ. ಆಗಲೂ ಬರದಿದ್ದರೆ ಸ್ಪ್ರಿಂಗು ತೆಗೆದು, ಪೊರಕೆಯ ಮರದ ಹಿಡಿಯ ತುದಿಯನ್ನು ಚೂಪಾಗಿ ಕೆತ್ತಿ, ಪೈಪಿನೊಳಗೆ ಇಳಿಸಿ, ರಾಡಿನ ತಲೆಗೆ ಕಚ್ಚಿಸಿ ಒತ್ತಿ ಹಿಡಿಯಬೇಕು. ಹಳೆಯ ಮೆಕ್ಯಾನಿಕ್ಕುಗಳ ಬಳಿ ಇಂಥದೊಂದು ಕೋಲು ಮೂಲೆಯಲ್ಲಿ ಇದ್ದೇ ಇರುತ್ತದೆ, ಎಣ್ಣೆ ಕುಡಿದು ಕಪ್ಪಾಗಿರುತ್ತದೆ.

ಮೇಲಿನ ಕ್ಯಾಪು ತೆಗೆಯುವಾಗ ಮುಖವನ್ನು ಅದರ ನೇರಕ್ಕೆ ಒಡ್ಡಬೇಡಿ. ಕೆಲವದರಲ್ಲಿ ತಿರುಪಿನ ಬೋಲ್ಟು, ಕೆಲವದರಲ್ಲಿ ತಂತಿಯ ಕ್ಲಿಪ್ಪು. ಎರಡರಲ್ಲೂ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿದೆ, ಕೊನೆಯ ಹಿಡಿತ ಬಿಟ್ಟ ಕ್ಷಣ ಹಾರಿ ಬರುತ್ತದೆ. ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಬಿಡಿಸಿ, ಕನ್ನಡಕ ಹಾಕಿಕೊಳ್ಳಿ. ಪೈಪಿನ ಮೇಲಿನ ಹಿಡಿತದ ಬೋಲ್ಟನ್ನು ಮೊದಲು ಸಡಿಲ ಮಾಡಿದರೆ ಕ್ಯಾಪು ಸಲೀಸಾಗಿ ತಿರುಗುತ್ತದೆ.

ಎಣ್ಣೆ ಬಸಿದು, ಪೈಪನ್ನು ಬಾಟಮ್ಮಿನಿಂದ ಎಳೆದುಕೊಂಡ ಮೇಲೆ ಹಳೆಯ ಸೀಲು ಕೀಳುವುದು. ಅದರ ಮೇಲೆ ಕೂತ ಸರ್ಕ್ಲಿಪ್ಪನ್ನು ಮೊದಲು ತೆಗೆಯಬೇಕು. ಗ್ಯಾರೇಜುಗಳಲ್ಲಿ ಜಾಸ್ತಿ ಹಾಳಾಗುವುದು ಈ ಹಂತದಲ್ಲಿ. ಸ್ಕ್ರೂಡ್ರೈವರ್ ತೂರಿಸಿ ಬಲ ಹಾಕಿ ಎಬ್ಬುತ್ತಾರೆ, ಬಾಟಮ್ಮಿನ ಅಲ್ಯೂಮಿನಿಯಂ ಅಂಚು ಕಿತ್ತುಬರುತ್ತದೆ, ಸೀಲು ಕೂರುವ ಗೋಡೆಯಲ್ಲಿ ಗೀರು ಬೀಳುತ್ತದೆ. ಆಮೇಲೆ ಹೊಸ ಸೀಲಿನ ಹೊರಸುತ್ತಿನಿಂದಲೇ ಎಣ್ಣೆ ಬರುತ್ತದೆ, ಪೈಪು ಚೆನ್ನಾಗಿದ್ದರೂ. ಕುದಿನೀರನ್ನು ಬಾಟಮ್ಮಿನ ಬಾಯಿಯ ಸುತ್ತ ಹುಯ್ಯಿರಿ. ಅಲ್ಯೂಮಿನಿಯಂ ಹಿಗ್ಗಿ ಸೀಲಿನ ಹಿಡಿತ ಸಡಿಲುತ್ತದೆ. ಅಂಚಿಗೆ ಮರದ ಚಕ್ಕೆ ಕೊಟ್ಟು, ಒಂದೇ ಕಡೆ ಅಲ್ಲ, ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತುತ್ತ ಬನ್ನಿ. ಅವಸರ ಬೇಡ.

ಒಳಗೆಲ್ಲ ಸೀಮೆಎಣ್ಣೆಯಿಂದಲೋ ಡೀಸೆಲಿನಿಂದಲೋ ತೊಳೆದು ಪೂರ್ತಿ ಒಣಗಿಸಿ. ತಳದಲ್ಲಿ ಬೂದುಬಣ್ಣದ ಗಸಿ ಕೂತಿರುತ್ತದೆ, ಮೂವತ್ತು ವರ್ಷದ ಸವೆತವೆಲ್ಲ ಅಲ್ಲಿ ಸೇರಿದೆ, ಅದು ಚೂರೂ ಉಳಿಯಬಾರದು. ಹೊಸ ಸೀಲನ್ನು ಕೂರಿಸುವಾಗ ಆ ಪುಟ್ಟ ಸ್ಪ್ರಿಂಗು ಕಾಣುವ ಮುಖ ಎಣ್ಣೆಯ ಕಡೆಗೆ, ಅಂದರೆ ಕೆಳಕ್ಕೆ ಇರಬೇಕು. ತುಟಿಗೆ ಒಂದಿಷ್ಟು ಗ್ರೀಸು ಸವರಿ. ಹೊರವ್ಯಾಸಕ್ಕೆ ಸರಿಹೊಂದುವ ಪಿವಿಸಿ ಪೈಪಿನ ತುಂಡನ್ನು ಮೇಲಿಟ್ಟು ಮೆಲ್ಲಗೆ ತಟ್ಟಿದರೆ ಸೀಲು ವಾಲದೆ ನೆಟ್ಟಗೆ ಇಳಿಯುತ್ತದೆ. ಸುತ್ತಿಗೆಯಿಂದ ನೇರವಾಗಿ ಅದರ ಮೇಲೆ ಹೊಡೆಯಬೇಡಿ. ಸರ್ಕ್ಲಿಪ್ಪಿನ ತೋಡು ಪೂರ್ತಿ ಕಂಡಿತೆಂದರೆ ಕೂತಿದೆ ಎಂದರ್ಥ. ಪೈಪನ್ನು ಸೀಲಿನೊಳಗೆ ತೂರಿಸುವಾಗ ಅದರ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಸುತ್ತಿ, ಎಣ್ಣೆ ಸವರಿ ಇಳಿಸಿ. ಪೈಪಿನ ಚೂಪು ಅಂಚು ತುಟಿಯನ್ನು ಕೊಯ್ದರೆ ಇಷ್ಟೂ ಕೆಲಸ ನೀರಿನಲ್ಲಿ ಹೋಮ.

ಎಣ್ಣೆಯ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಡಬ್ಬಿಯಲ್ಲಿ ಉಳಿದ ಎಂಜಿನ್ ಆಯಿಲ್ಲು, ಇನ್ನೂ ಕೆಟ್ಟದ್ದೆಂದರೆ ಎಂಜಿನ್ನಿನಿಂದ ಬಸಿದ ಕಪ್ಪು ಆಯಿಲ್ಲು ಹುಯ್ಯುವವರನ್ನು ತಡೆಯಿರಿ. ಬಳಸಿದ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದು ಹೋಗಿ ಸೇರುವುದು ಹೊಸ ಸೀಲಿನ ಬುಡಕ್ಕೇ. ನಿಮ್ಮ ಮ್ಯಾನುಯಲ್ ಯಾವ ಗ್ರೇಡು ಹೇಳುತ್ತದೋ ಆ ಫೋರ್ಕ್ ಆಯಿಲ್ ಹಾಕಿ. ಪೂರ್ತಿ ಬಿಚ್ಚಿ ಒಣಗಿಸಿದ ಫೋರ್ಕಿಗೆ ಬೇಕಾದ ಪ್ರಮಾಣ, ಬರೀ ಬಸಿದು ತುಂಬುವಾಗಿನದಕ್ಕಿಂತ ಸ್ವಲ್ಪ ಹೆಚ್ಚು, ಏಕೆಂದರೆ ಬಸಿದಾಗ ಒಂದಿಷ್ಟು ಒಳಗೇ ಉಳಿಯುತ್ತದೆ. ಮನೆಯ ಔಷಧಿ ಮುಚ್ಚಳ ಸಾಲದು, ಗೆರೆ ಇರುವ ಅಳತೆ ಪಾತ್ರೆ ತನ್ನಿ. ಸ್ಪ್ರಿಂಗು ಹಾಕುವ ಮೊದಲು ಪೈಪನ್ನು ಕೆಲವು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಿ, ಪೂರ್ತಿ ಕೆಳಕ್ಕೆ ಒತ್ತಿ, ಪೈಪಿನ ಬಾಯಿಂದ ಎಣ್ಣೆಯ ಮಟ್ಟದ ತನಕ ಸ್ಕೇಲಿನಿಂದ ಅಳೆಯಿರಿ. ಎರಡೂ ಕಾಲಿನಲ್ಲಿ ಒಂದೇ ಮಟ್ಟ ಬರಬೇಕು. ಒಂದಿಷ್ಟು ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಮೇಲಿನ ಗಾಳಿಯ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಆ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕವೇ ಹೊರಗೆ ತಳ್ಳುತ್ತದೆ.

ಇದನ್ನೆಲ್ಲ ನೀವೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಇಂಥ ಫೋರ್ಕುಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಅವರ ಕೈಗೆ ಬೆಲೆ ಕೊಡಿ, ಅಂದರೆ ಸಮಯವನ್ನೂ ದುಡ್ಡನ್ನೂ ಕೊಡಿ. “ಸಂಜೆಯೊಳಗೆ ಬೇಕು, ನೂರು ರೂಪಾಯಿ ಕಡಿಮೆ ಮಾಡಿ” ಎಂದರೆ ಅವರು ಪೈಪಿಗೆ ಉಗುರು ಎಳೆದು ನೋಡುತ್ತ ಕೂರಲು ಆಗುವುದಿಲ್ಲ. ಆದರೆ ಪಕ್ಕದಲ್ಲಿ ನಿಂತಿರಿ. ಬಿಚ್ಚಿದ ಪೈಪನ್ನು ಒಮ್ಮೆ ಕೈಗೆ ಕೊಡಿ ಎಂದು ಕೇಳಿ. ಯಾವ ಎಣ್ಣೆ, ಎಷ್ಟು ಎಂದು ಕೇಳಿ. ಹಳೆಯ ಸೀಲನ್ನು ಎಸೆಯಲು ಬಿಡದೆ ತುಟಿ ಎಲ್ಲಿ ಸವೆದಿದೆ ನೋಡಿ. ಒಂದೇ ಪಕ್ಕ ಸವೆದಿದ್ದರೆ ಪೈಪು ಬಾಗಿರಬಹುದು ಅಥವಾ ಬುಷ್ ಹೋಗಿರಬಹುದು. ಒಂದೇ ಜಾಗದಲ್ಲಿ ಕಡಿದ ಗುರುತಿದ್ದರೆ ಪೈಪಿನಲ್ಲಿ ಗುಳಿ ಇದೆ. ಸುತ್ತಲೂ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದಕ್ಕೆ ಬರೀ ವಯಸ್ಸಾಗಿದೆ, ಹೊಸ ಸೀಲು ಸಾಕು. ತಂಗಿಯರೇ, ಗ್ಯಾರೇಜಿನಲ್ಲಿ ನಿಮ್ಮ ಪ್ರಶ್ನೆಗೆ ಜೊತೆಗೆ ಬಂದ ಹುಡುಗನ ಮುಖ ನೋಡಿ ಉತ್ತರ ಕೊಡುವುದನ್ನು ನಾನು ಕಂಡಿದ್ದೇನೆ, ನನಗೆ ಅದು ಸಂಕಟದ ವಿಷಯ. ಹಳೆ ಸೀಲನ್ನು ಬೆರಳಲ್ಲಿ ಹಿಡಿದು, “ಇಲ್ಲಿ ಕಡಿದಿದೆ, ಪೈಪು ತೋರಿಸಿ” ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಆಗಿದ್ದರೆ ಅಲ್ಲಿಂದ ಮುಂದೆ ಮಾತು ನಿಮ್ಮ ಜೊತೆಗೇ ನಡೆಯುತ್ತದೆ.

ನೀವೇ ಮಾಡುವುದಾದರೆ, ಕೊನೆಯಲ್ಲಿ ಚಕ್ರ ಕೂರಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಗಿಯಬೇಡಿ. ಆಕ್ಸೆಲ್ ನಟ್ಟು ಬಿಗಿಯಾದ ಮೇಲೆ, ಆಕ್ಸೆಲನ್ನು ಅಪ್ಪಿ ಹಿಡಿಯುವ ಬೋಲ್ಟು ನಿಮ್ಮ ಬೈಕಿನಲ್ಲಿದ್ದರೆ ಅದನ್ನು ಸಡಿಲವಾಗಿಯೇ ಬಿಟ್ಟು, ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ನಾಲ್ಕಾರು ಸಲ ಒತ್ತಿ ಬಿಡಿ. ಎರಡು ಕಾಲುಗಳೂ ತಮ್ಮ ಜಾಗ ಹುಡುಕಿಕೊಂಡ ಮೇಲೆ ಅದನ್ನೂ ಬಿಗಿಯಿರಿ. ಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಹೊಸ ಸೀಲಿಗೆ ಮೊದಲ ದಿನದಿಂದಲೇ ಹಿಂಸೆ. ಬ್ರೇಕ್ ಪ್ಲೇಟಿನ ತಡೆ ಬಾಟಮ್ಮಿನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ. ಅದು ಕೂರದೆ ಬೈಕು ಓಡಿಸಿದರೆ ಬ್ರೇಕು ಹಿಡಿದ ಕೂಡಲೇ ಪ್ಲೇಟೇ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ.

ಮೊದಲ ಒಂದೆರಡು ದಿನ ಪೈಪಿನ ಮೇಲೆ ತೆಳುವಾಗಿ ಪಸೆ ಕಂಡರೆ ಗಾಬರಿ ಬೇಡ, ಜೋಡಿಸುವಾಗ ಸವರಿದ ಎಣ್ಣೆಯೇ ಅದು. ಒರೆಸಿ. ವಾರದ ನಂತರ ಬಿಳಿ ಕಾಗದ ಒತ್ತಿ ನೋಡಿ. ಒದ್ದೆಯಾಗದಿದ್ದರೆ ಕೆಲಸ ಸರಿಯಾಗಿದೆ. ಒದ್ದೆಯಾದರೆ ಇನ್ನೊಂದು ಸೀಲು ತರಲು ಅಂಗಡಿಗೆ ಓಡಬೇಡಿ, ಪೈಪಿನ ಮೇಲೆ ಮತ್ತೊಮ್ಮೆ ಉಗುರು ಎಳೆಯಿರಿ.

ಬಸಿದ ಎಣ್ಣೆಯನ್ನು ಚರಂಡಿಗೋ ಬೇಲಿಯ ಬುಡಕ್ಕೋ ಸುರಿಯಬೇಡಿ. ಖಾಲಿ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಬಳಸಿದ ಎಣ್ಣೆ ಕೂಡಿಡುವ ಗ್ಯಾರೇಜಿನ ಡ್ರಮ್ಮಿಗೆ ಹಾಕಿ ಬನ್ನಿ.

ಇಂತಿ,
ನಿಮ್ಮ ಹಿತ ಬಯಸುವ,
ಹಳೆ ಬೈಕಿನ ಒಬ್ಬ ಸವಾರ